ಹನ್ನೊಂದು ಫೋನು

“ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ಆಗಷ್ಟೇ ಗಾಡೀಲೇ ಹುಟ್ಟಿದ ಮಗು! ಬಿದಿರು ತುಂಬಿದ ಲಾರಿ, ಪಕ್ಕದಲ್ಲಿ ಶಿವಮೊಗ್ಗದ ರೈಲು. ಭದ್ರಾವತಿ ಬಿಟ್ಟು ಒಂಬತ್ತು ನಿಮಿಷ ಆಗಿರಲಿಲ್ಲ, ರೈಲು ಹಿಂದೆ ನಾನು ಮುಂದೆ. ರೈಲಿನ ಡ್ರೈವರ್ರು ಟೋಪಿ ತೆಗೆದು ಕೈ ಮುಗಿದುಬಿಟ್ಟ!” ಎನ್ನುತ್ತ ಕೊಟ್ರಬಸಪ್ಪ ಹೆಂಡತಿಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ.

ವೀರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವರ ಕಡೆ ಸತ್ತವರನ್ನು ಕೂರಿಸಿಯೇ ಕಳಿಸುವುದು. ಹಣೆ ತುಂಬ ವಿಭೂತಿ, ಬೆನ್ನಿಗೊಂದು ಹಲಗೆ. ಮೂವತ್ತೆರಡು ವರ್ಷ ಈ ಕತೆ ಶುರುವಾದಾಗಲೆಲ್ಲ ಅಡುಗೆಮನೆಗೆ ಎದ್ದು ಹೋಗುತ್ತಿದ್ದವಳಿಗೆ ಇವತ್ತು ಅದೂ ಸಾಧ್ಯವಿರಲಿಲ್ಲ.

ಕೊಟ್ರಬಸಪ್ಪನಿಗೆ ಸೈಕಲ್ ತುಳಿಯಲೂ ಬಾರದೆಂಬುದು ಪೇಪರ್ ಮಿಲ್ಲಿನವರ ಕಾಗದನಗರದ ನಾಯಿಗಳಿಗೂ ಗೊತ್ತು. ಮಗಳು ಸೌಂದರ್ಯ ಹುಟ್ಟಿದ್ದು ಇದೇ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನ ಕೈಗೆ. ಆ ಸುಬ್ಬಲಕ್ಷ್ಮಮ್ಮ ಮೂಲೆಯಲ್ಲಿ ಕೂತು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದರು. ಆದರೂ ಕೊಟ್ರಬಸಪ್ಪ ಬಿಡುವವನಲ್ಲ. ಜಗತ್ತಿನ ಯಾವ ಕಾಗದವನ್ನಾದರೂ ಎರಡು ಬೆರಳಲ್ಲಿ ಉಜ್ಜಿ, “ಇದು ನಾನು ಮಾಡಿದ್ದು, ಎರಡನೇ ಮಿಷನ್ನು, ರಾತ್ರಿ ಪಾಳಿ” ಅಂದುಬಿಡುವ ಗಂಡಸು. ಮದುವೆ ಕರೆಯೋಲೆ ಕೊಡಲು ಬಂದವರೂ ಅದನ್ನು ಕೇಳಿಯೇ ಹೋಗಬೇಕು.

ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ಶಿವಮೊಗ್ಗದ ಆಲ್ಕೊಳದಿಂದ ಉಜ್ಜನಪ್ಪ ಬಂದಿದ್ದ, ವೀರಮ್ಮನ ಒಡಹುಟ್ಟಿದ ಅಣ್ಣ. ಎಪ್ಪತ್ತು ದಾಟಿದ ಮುದುಕ, ಕಂಕುಳಲ್ಲಿ ಬಟ್ಟೆ ಅಂಗಡಿಯ ಚೀಲ. ಈ ಮನೆಯ ಹೊಸ್ತಿಲನ್ನು ಅವನು ದಾಟಿ ಮೂವತ್ತೆರಡು ವರ್ಷವಾಗಿತ್ತು.

“ಬಂತಲ್ಲ ತವರಿನ ಸೀರೆ,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನೋರು. “ಹೊದಿಸಿ, ಎಬ್ಬಿಸೋಣ. ಗುಣಿ ತೋಡಿ ಆಗ್ಲೇ ಎರಡು ಗಂಟೆ ಆಯ್ತು.”

ಉಜ್ಜನಪ್ಪ ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಚೀಲ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲೆ ಊರಿದ.

“ಕೊಡಲ್ಲ.”

“ಏನು ಮಾತು ಅಂತ ಆಡ್ತೀರಿ ಉಜ್ಜನಪ್ಪನೋರೆ! ಮುತ್ತೈದೆ ತವರಿನ ಸೀರೆ ಇಲ್ದೆ ಹೋಗೋದುಂಟಾ?” ಎಂದರು ಅಯ್ಯನೋರು.

“ಹೋಗಬಾರ್ದು ಅಂತಾನೇ ತಂದಿದೀನಿ. ಮೊದ್ಲು ಇವನು ಬಾಯಿ ಬಿಡ್ಲಿ. ಅವತ್ತು ನನಗೆ ಫೋನ್ ಮಾಡಿದ್ನೋ ಇಲ್ವೋ? ಅವಳ ಎದುರಿಗೆ ಹೇಳ್ಲಿ.”

ಕೊಟ್ರಬಸಪ್ಪ ಎದೆಯುಬ್ಬಿಸಿದ. “ಹನ್ನೊಂದು ಸಲ ಮಾಡಿದೀನಿ! ಇಡೀ ಊರಿಗೇ ಗೊತ್ತು. ಬರದೇ ಇರೋನು ಬರದೇ ಇದ್ದು, ಈಗ ಹೆಣದ ಮುಂದೆ ಪಂಚಾಯ್ತಿ ಮಾಡೋಕೆ ಬಂದಿದಾನೆ, ನೋಡ್ರಪ್ಪಾ.”

“ಥೂ ನಿನ್ನ!” ಎಂದ ಉಜ್ಜನಪ್ಪ.

*

ಮೂವತ್ತೆರಡು ವರ್ಷದ ಹಿಂದೆ, ವೀರಮ್ಮನ ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ನಿಶ್ಚಯವಾಗಿತ್ತು. ಅಮಾವಾಸ್ಯೆ ಕಳೆದ ಸೋಮವಾರ ಆಲ್ಕೊಳಕ್ಕೆ ಕರೆದೊಯ್ಯುವುದು. ಸೀಮಂತದ ದಿನ, ಪಂಕ್ತಿಯಲ್ಲಿ ಕೂತ ಇನ್ನೂರು ಜನರ ಎದುರು (ಕೊಟ್ರಬಸಪ್ಪನ ಲೆಕ್ಕದಲ್ಲಿ ಎರಡು ಸಾವಿರ) ಉಜ್ಜನಪ್ಪ ಒಂದು ಚೀಟಿ ಚಾಚಿದ. “ಅದಕ್ಕೂ ಮೊದ್ಲೇ ನೋವು ಬಂದ್ರೆ ಈ ನಂಬರಿಗೆ ಒಂದು ಫೋನ್ ಹಾಕು ಮಾರಾಯ, ಕಾರು ತರ್ತೀನಿ. ನಿನ್ನ ಸೈಕಲ್ ನೆಚ್ಕೊಂಡು ಕೂರಬೇಡ. ಅದೂ ನಿನಗೆ ಬರಲ್ಲ.”

ಪಂಕ್ತಿಯೆಲ್ಲ ನಕ್ಕಿತು. ಹೋಳಿಗೆ ಬಡಿಸುತ್ತಿದ್ದವನೂ ನಕ್ಕ. ಕೊಟ್ರಬಸಪ್ಪ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಕೂಸು ಪಂಚಾಂಗ ನೋಡಲಿಲ್ಲ. ಶನಿವಾರ ಬೆಳಿಗ್ಗೆಯೇ ವೀರಮ್ಮನಿಗೆ ನೋವು ಬಂತು. ಕೊಟ್ರಬಸಪ್ಪ ಗೇಟಿನ ಹತ್ತಿರದ ಎಸ್‌ಟಿಡಿ ಬೂತಿನ ಕಡೆ ಓಡಿದ. ಅರ್ಧ ಗಂಟೆಗೆ ಬೆವರೊರೆಸಿಕೊಳ್ಳುತ್ತ ಬಂದು, “ಮಾಡಿದೀನಿ. ನಿಮ್ಮಣ್ಣ ಕಾರಲ್ಲಿ ಹೊರಟಿದಾನಂತೆ,” ಎಂದ.

ಸುಬ್ಬಲಕ್ಷ್ಮಮ್ಮ, “ಇಲ್ಲೇ ಕಂಪನಿ ಆಸ್ಪತ್ರೆಗೆ ನಡಿಯೇ ಮಾರಾಯ್ತಿ,” ಎಂದು ರೆಟ್ಟೆ ಹಿಡಿದು ಎಳೆದರು.

“ಅಣ್ಣ ಬಂದು ನಾನಿಲ್ದೇ ಇದ್ರೆ ಗಾಬರಿ ಬೀಳ್ತಾನೆ,” ಎಂದಳು ವೀರಮ್ಮ. ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತ ನಿಂತಳು. ಹತ್ತಾಯಿತು, ಹನ್ನೆರಡಾಯಿತು. ಎರಡು ಗಂಟೆಗೆ ಸರಳು ಬಿಟ್ಟು ನೆಲಕ್ಕೆ ಕುಸಿದಳು.

ಮಗು ಉಳಿಯಿತು. ರಕ್ತ ನಿಲ್ಲಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದರು. ಎಚ್ಚರವಾದಾಗ, ಸುದ್ದಿ ತಿಳಿದು ಬಂದು ತೊಟ್ಟಿಲು ಹಿಡಿದು ನಿಂತಿದ್ದ ಅಣ್ಣನನ್ನು ಅವಳು ಕಂಡಳು. ಮುಖ ಗೋಡೆಗೆ ತಿರುಗಿಸಿದಳು. ಆಮೇಲೆ ಅವನು ಬಂದಾಗಲೆಲ್ಲ ಬಾಗಿಲು ಮುಚ್ಚಿದಳು.

ಕೊಟ್ರಬಸಪ್ಪ ತನ್ನ ಕತೆಯಲ್ಲಿ ಲಾರಿ ಹತ್ತಿದ್ದು ಅದಾದ ಮೇಲೆ. ವರ್ಷಕ್ಕೊಂದರಂತೆ ಲಾರಿ, ರೈಲು, ಟೋಪಿ ಸೇರಿದವು. ಜನ ಅವನ್ನೆಲ್ಲ ಕೇಳಿ ನಕ್ಕರು, ಫೋನನ್ನು ಮಾತ್ರ ನಂಬಿದರು. ಆನೆಯಂಥ ಸುಳ್ಳುಗಳ ನೆರಳಲ್ಲಿ ಇರುವೆ ಹೋದರೆ ಯಾರಿಗೆ ಕಾಣುತ್ತದೆ?

*

“ಅಪ್ಪಾ,” ಎಂದಳು ಸೌಂದರ್ಯ. ಬೆಳಗಿನಿಂದ ಅವಳು ಅಮ್ಮನ ಪಾದ ಬಿಟ್ಟು ಎದ್ದಿರಲಿಲ್ಲ. “ನಂಬರ್ ಎಷ್ಟು?”

“ಯಾವ ನಂಬರವ್ವಾ?”

“ಮಾವಂದು. ಹನ್ನೊಂದು ಸಲ ಒತ್ತಿದ ನಂಬರು.”

“ಅಷ್ಟು ಹಳೇದು ಯಾರಿಗೆ...”

“ಲಾರಿ ನಂಬರ್ ಹೇಳ್ತೀಯ. ರೈಲು ಹೊರಟ ನಿಮಿಷ ಹೇಳ್ತೀಯ. ಆ ಬೂತಿನ ನಂಬರನ್ನ ಈಗ್ಲೂ ಹಾಡಿನ ಥರ ಹೇಳ್ತೀಯ. ಇದೊಂದು ಹೇಳಪ್ಪ.”

ಕೊಟ್ರಬಸಪ್ಪ ನಕ್ಕ. ಯಾರೂ ನಗಲಿಲ್ಲ. “ಫೋನ್ ಎತ್ತಿದ್ದು ನಿಮ್ಮತ್ತೆ. ‘ನಮ್ಮೋರು ಮನೇಲಿಲ್ಲ’ ಅಂದು ಟಪ್ ಅಂತ ಇಟ್ಲು. ಅವಳ ದನಿ ಈಗ್ಲೂ ನನ್ನ ಕಿವೀಲಿದೆ.”

ಉಜ್ಜನಪ್ಪ ನಿಧಾನಕ್ಕೆ ತಲೆಯೆತ್ತಿದ. “ನಮ್ಮನೆಗೆ ಫೋನ್ ಬಂದಿದ್ದು ಈ ಹುಡುಗಿಗೆ ನಾಲ್ಕು ವರ್ಷ ತುಂಬಿದ ಮೇಲೆ. ನಾನು ಬರೆದುಕೊಟ್ಟಿದ್ದು ಸರ್ಕಲ್ಲಿನ ಗೊಬ್ಬರದ ಅಂಗಡಿ ನಂಬರು. ಸೀಮಂತ ಮುಗಿದಾಗಿಂದ ದಿನಾ ಆ ಅಂಗಡಿ ಬೆಂಚಿನ ಮೇಲೇ ಕೂತಿರ್ತಿದ್ದೆ. ಊಟಕ್ಕೂ ಎದ್ದು ಹೋಗ್ತಿರಲಿಲ್ಲ. ನನ್ನ ಯಾವ ಹೆಂಡ್ತಿ ದನಿ ಕೇಳಿದ್ಯೋ, ಲೌಡಿ ಮಗನೆ?”

ಸುಬ್ಬಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಕೊಟ್ರಬಸಪ್ಪ, ನಾನವಳ ರೆಟ್ಟೆ ಹಿಡಿದು ಎಳೆದೆನಲ್ಲೋ.”

“ಚೀಟಿ ಏನು ಮಾಡ್ದೆ?” ಎಂದಳು ಸೌಂದರ್ಯ.

ಕೊಟ್ರಬಸಪ್ಪ ಹೆಂಡತಿಯ ಕಡೆ ನೋಡಿದ. ಹಾರ ಸ್ವಲ್ಪ ವಾಲಿತ್ತು. ಸರಿಮಾಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಸೀಮಂತದ ರಾತ್ರಿನೇ ಪಾಳಿಗೆ ಹೋದಾಗ ತಿರುಳು ಅರೆಯೋ ತೊಟ್ಟಿಗೆ ಹಾಕಿಬಿಟ್ಟೆ,” ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಯ್ಯನೋರು ಮುಂದಕ್ಕೆ ಬಾಗಿದರು. “ಇವನ ಕಾರು ಬೇಡ ಅನ್ನಿಸ್ತು. ಶನಿವಾರ ಬೂತಿಗೆ ಹೋಗಲಿಲ್ಲ. ಮಿಲ್ಲಿನ ಸಾಹೇಬ್ರ ಮನೆಗೆ ಹೋಗಿ ಜೀಪ್ ಕೇಳಿದೆ. ಮಧ್ಯಾಹ್ನದೊಳಗೆ ಕಳಿಸ್ತೀನಿ ಅಂದ್ರು. ಜೀಪಲ್ಲಿ ಹೋಗಿ ಇವನ ಮನೆ ಮುಂದೆ ಇಳೀಬೇಕು ಅಂತಿತ್ತು. ಜೀಪ್ ಬರಲಿಲ್ಲ. ಬರುತ್ತೆ, ಬರುತ್ತೆ ಅಂತ... ವೀರೀ, ನಾನು ಫೋನ್ ಮಾಡಿರಲಿಲ್ಲ. ಒಂದು ಸಲಾನೂ ಮಾಡಿರಲಿಲ್ಲ.”

ವೀರಮ್ಮ ಕೂತೇ ಇದ್ದಳು.

ಉಜ್ಜನಪ್ಪ ಚೀಲದಿಂದ ಹಸಿರು ಸೀರೆ ತೆಗೆದು ಸೌಂದರ್ಯಳ ಕೈಗೆ ಕೊಟ್ಟ. ಅವಳು ಕೊಡವಿದಳು. ಮಡಿಕೆಯ ನಡುವೆ ಅಂಗಡಿಯವರು ಇಟ್ಟಿದ್ದ ಬಿಳಿ ಹಾಳೆ ಜಾರಿ, ತೇಲಿಕೊಂಡು ಬಂದು ಕೊಟ್ರಬಸಪ್ಪನ ಮೊಣಕಾಲ ಹತ್ತಿರ ಬಿತ್ತು.

ಅವನು ಎತ್ತಿಕೊಂಡ. ಅಭ್ಯಾಸದಂತೆ ಎರಡು ಬೆರಳುಗಳ ನಡುವೆ ಉಜ್ಜಿದ. ಮನೆ ತುಂಬ ಜನ ಅವನನ್ನೇ ನೋಡುತ್ತಿದ್ದರು. ಅವನು ಉಜ್ಜುತ್ತಲೇ ಇದ್ದ. ಅದು ಯಾರು ಮಾಡಿದ ಕಾಗದವೆಂದು ಹೇಳಲಿಲ್ಲ.