ಹಳೆಯ ಅಳತೆಯ ಅಂಗಿ

ಬೆಳಿಗ್ಗೆ ಎದ್ದಾಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ. ಅಡುಗೆಮನೆಯಿಂದ ಅಂಗಡಿಗೆ, ಅಂಗಡಿಯಿಂದ ಅಡುಗೆಮನೆಗೆ. ನಡುವೆ ಇರುವುದು ಒಂದೇ ಪರದೆ. ಆಪರೇಷನ್ನಿನಲ್ಲಿ ಎಡ ಎದೆ ಹೋಗಿ, ನಾಲ್ಕು ಸಲ ಕೀಮೋ ಆಗಿ, ಏಳು ತಿಂಗಳ ನಂತರ ನಾಳೆ ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಮತ್ತೆ ಕೂರುವವಳಿದ್ದೆ. ಬೋಳುತಲೆಗೆ ಸ್ಕಾರ್ಫ್ ಇತ್ತು. ಹುಬ್ಬು ಉದುರಿದ್ದಕ್ಕೆ ಮಾಡುವುದೇನೂ ಇರಲಿಲ್ಲ. ಮೈಗೆ ಸರಿಹೋಗುವ ಒಂದು ಅಂಗಿ ಮಾತ್ರ ಬೇಕಿತ್ತು.

ನನ್ನ ಗಂಡ ಕಟಿಂಗ್ ಮಾಸ್ಟರ್. ಗಂಡಸರ ಅಳತೆ ಅವರದು, ಹೆಂಗಸರದು ನನ್ನದು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಮೈಮೇಲೆ ಟೇಪು ಇಟ್ಟವರಲ್ಲ. ನನ್ನ ಅಳತೆ ನಾನೇ ತೆಗೆದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಈಗ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಬೆನ್ನ ಹಿಂದೆ ಟೇಪು ಸುತ್ತಲು ಆಗುವುದಿಲ್ಲ. "ನೀವೇ ತಗೊಳ್ರಿ" ಎಂದು ಎರಡು ದಿನ ಹೇಳಿದೆ. "ಆಯ್ತು, ನೋಡೋಣ" ಅಂದರು. ಮೂರನೆಯ ದಿನ, ಅಂದರೆ ಇವತ್ತು, ಹೊಲಿದ ಅಂಗಿಯನ್ನೇ ತಂದು ಕೈಗಿಟ್ಟರು.

ತೊಟ್ಟುಕೊಂಡೆ. ಬಲಗಡೆ ಸರಿಯಾಗಿ ಕೂತಿತು. ಎಡಗಡೆ ಖಾಲಿ ಚೀಲದ ಹಾಗೆ ಜೋತುಬಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪುಸ್ತಕದಲ್ಲಿದ್ದ ಹಳೆಯ ಅಳತೆ ನೋಡಿ ಹೊಲಿದಿದ್ದರು.

ಗುಂಡಿ ಹಚ್ಚುತ್ತ ಕೂತಿದ್ದ ನಾದಿನಿ ಮೆಲ್ಲಗೆ ಹೇಳಿದಳು: "ಅತ್ತಿಗೆ, ಒಳಗೆ ಎರಡು ಹಿಡಿ ಹತ್ತಿ ಇಟ್ಟು ಹೊಲಿದ್ರೆ ಯಾರಿಗೂ ಗೊತ್ತಾಗಲ್ಲ."

"ನಾನೇನು ದಿಂಬಾ?" ಎಂದೆ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಗುಂಡಿಯ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಅಂಗಿ ಕೆಟ್ಟರೆ ಇನ್ನೊಂದು ಹೊಲಿಯಬಹುದು. ಆದರೆ ನಾನು ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಗಂಡ ನನ್ನ ಮುಖವನ್ನಷ್ಟೇ ನೋಡಿ ಮಾತಾಡುತ್ತಿದ್ದರು, ಕತ್ತಿನಿಂದ ಕೆಳಗೆ ಕಣ್ಣು ಇಳಿಯುತ್ತಿರಲಿಲ್ಲ. ಇದು ಹೇಸಿಗೆಯೋ ಮರುಕವೋ ಗೊತ್ತಾಗದೆ ನಾಳೆ ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಇವರಿಗೇ ಬೇಡವಾದ ಮೈಯನ್ನು ಊರಿನವರ ಮುಂದೆ ಹೇಗೆ ತಂದು ಕೂರಿಸಲಿ?

"ಯಾರ ಅಂಗಿ ಇದು?" ಎಂದು ಅವರನ್ನು ಕೇಳಿದೆ.

"ನಿಂದೇ."

"ನಂದಲ್ಲ. ಏಳು ತಿಂಗಳ ಹಿಂದೆ ಇಲ್ಲಿದ್ದೋಳದ್ದು. ನನ್ನನ್ನ ನೋಡೋಕೇ ಆಗ್ದೆ ಅವಳಿಗೆ ಹೊಲಿದಿದ್ದೀರಿ."

ಅವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟರು. "ಟ್ರಯಲ್ ರೂಮಿನ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದ್ದು ಯಾರು? ದೀಪ ಆರಿಸ್ಕೊಂಡು ಸ್ನಾನ ಮಾಡೋದು ಯಾರು? ನೀನೇ ನೋಡ್ಕೊಳ್ದೇ ಇರೋದನ್ನ ನಾನು ಹೇಗೆ ನೋಡ್ಲಿ, ಹೇಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಎದೆಗೆ ಹೋಯಿತು. ಸಾವಿರಾರು ಹೆಂಗಸರ ಅಳತೆ ತೆಗೆದವಳು ನಾನು. ಎರಡು ಭುಜ ಸಮ ಇರುವ ಒಬ್ಬಳನ್ನೂ ಕಂಡಿಲ್ಲ. ಮುಜುಗರಪಟ್ಟವರಿಗೆಲ್ಲ "ಬಟ್ಟೆ ಮೈಗೆ ಸರಿಹೋಗ್ಬೇಕು ಕಣಮ್ಮ, ಮೈ ಬಟ್ಟೆಗಲ್ಲ" ಎಂದು ಬುದ್ಧಿ ಹೇಳಿದವಳು, ನನ್ನ ಸರದಿ ಬಂದಾಗ ಬೆಡ್‌ಶೀಟ್ ಹುಡುಕಿದ್ದೆ. ನನಗೇ ನಾಚಿಕೆಯಾಯಿತು.

ಬೀದಿ ಬಾಗಿಲು ಹಾಕಿದೆ. ಬೆಡ್‌ಶೀಟ್ ಎಳೆದು ಬಿಸಾಕಿದೆ. ಅಂಗಿ ಬಿಚ್ಚಿ ಬರೀ ಒಳಉಡುಪಿನಲ್ಲಿ ಕನ್ನಡಿಯ ಮುಂದೆ ನಿಂತೆ. "ತಗೊಳ್ರಿ."

ಅವರು ಟೇಪು ತಂದು ಭುಜದಿಂದ ಶುರು ಮಾಡಿದರು. ಗಾಯದ ಹತ್ತಿರ ಬಂದಾಗ ನಿಂತರು. "ನೋವಾಗುತ್ತಾ? ಮುಟ್ಟಿದ್ರೆ ಎಲ್ಲಿ ನೋವಾಗುತ್ತೋ ಅಂತಾನೇ ಇಷ್ಟು ದಿನ..."

ಹೇಸಿಗೆ ಎಂದುಕೊಂಡು ತಿಂಗಳುಗಟ್ಟಲೆ ನಾನು ಬೆಂದದ್ದು ಅವರ ಈ ಹೆದರಿಕೆಗೆ. ನಗುವೋ ಅಳುವೋ ಬಂತು, ಎರಡನ್ನೂ ನುಂಗಿಕೊಂಡೆ.

"ನೋವಿಲ್ಲ. ನಂಬರ್ ಹೇಳಿ."

ಎಡಗಡೆಯದು ಹೇಳಿದರು, ಬರೆದುಕೊಂಡೆ. ಬಲಗಡೆಯದು ಹೇಳಿದರು, ಅದನ್ನೂ ಬರೆದುಕೊಂಡೆ. ಕನ್ನಡಿಯಲ್ಲಿದ್ದವಳು ಸೊರಗಿದ್ದಳು, ಎದೆಯ ಮೇಲೆ ಓರೆಯಾಗಿ ಹೊಲಿಗೆ ಗುರುತಿತ್ತು. ಕಣ್ಣು ಮಾತ್ರ ನನ್ನದೇ, ಮೊದಲಿನ ಸಿಡುಕಿನ ಸಮೇತ. ನನಗೆ ಅವಳು ಇಷ್ಟವಾದಳು.

ಅವರು ಮೇಜಿನ ಮೇಲೆ ಹೊಸ ಬಟ್ಟೆ ಹರಡಿ, ರೂಢಿಯಂತೆ ಎರಡಾಗಿ ಮಡಿಸಿದರು. ಮಡಿಸಿ ಕತ್ತರಿಸಿದರೆ ಎರಡು ಬದಿಯೂ ಒಂದೇ ಸಮ ಬರುತ್ತವೆ. ಸೀಮೆಸುಣ್ಣ ಎತ್ತಿದವರು ಅದನ್ನು ಮತ್ತೆ ಕೆಳಗಿಟ್ಟರು. ಆಮೇಲೆ ತಾವಾಗಿಯೇ ಮಡಿಕೆ ಬಿಚ್ಚಿದರು.

"ಎರಡು ಕಡೆನೂ ಬೇರೆ ಬೇರೆ ಕತ್ತರಿಸ್ಬೇಕು. ಇಂಥದ್ದು ನಾನು ಯಾವತ್ತೂ ಹೊಲಿದಿಲ್ಲ. ತಪ್ಪಾದ್ರೆ?"

"ತಪ್ಪಾದ್ರೆ ಬಿಚ್ಚಿ ಇನ್ನೊಂದ್ಸಲ ಹೊಲೀರಿ," ಎಂದೆ. "ನಾನೆಲ್ಲೂ ಹೋಗಲ್ಲ."