ಪೂಜೆ ತಪ್ಪಿದ ಯಂತ್ರ

ಭಾಗ್ಯಶ್ರೀ ಕೇಬಲ್ಲಿನ ತುದಿಯನ್ನು ಲ್ಯಾಪ್‌ಟಾಪಿನಿಂದ ಕಿತ್ತು ಮತ್ತೆ ಚುಚ್ಚಿದಳು. ಕಟ್ ಎಂದಿತು. ಪರದೆಯ ಮೂಲೆಯಲ್ಲಿ ಹಳದಿ ತ್ರಿಕೋನ ಮತ್ತೆ ಮೂಡಿ ಅಲ್ಲೇ ನಿಂತಿತು. ಮೂರು ಗಂಟೆ ಹತ್ತು ನಿಮಿಷ.

"ಫ್ಯಾಕ್ಸ್ ಮಾಡ್ಲೇನ್ರಿ ಸಾಹೇಬ್ರ?"

"ಅದಕ್ಕ ಪೂಜಿ ಆಗೇತಿ," ಎಂದರು ಶಾಂತಯ್ಯ, ಬಾಗಿಲಲ್ಲಿ ನಿಂತು.

"ದೊಡ್ಡ ಕಂಪ್ಯೂಟರ್?"

"ಅದಕ್ಕೂ ಆಗೇತಿ. ನಾಳೆ ಬನ್ನಿ ಕೊಟ್ಟ ಮ್ಯಾಲೆ ಚಾಲೂ ಮಾಡೂಣು."

ತಾರಿಹಾಳದ ಆ ಪಂಪು ಕಾರ್ಖಾನೆಯಲ್ಲಿ ಅಂದು ಖಂಡೇ ಪೂಜೆ, ಅಂದರೆ ಆಯುಧಪೂಜೆ. ಲೇಥು, ಡ್ರಿಲ್ಲು, ತಕ್ಕಡಿ, ಫ್ಯಾಕ್ಸು ಎಲ್ಲವೂ ಚೆಂಡುಹೂ ಮುಡಿದು ಕೂತಿದ್ದವು. ಎಲ್ಲದರ ಹಣೆಗೂ ವಿಭೂತಿ. ಬೇರೆ ಕಡೆ ಮೂರು ಗೆರೆಯಾದರೆ ಇಲ್ಲಿ ಎರಡೇ, ನಡುವೆ ಖಾಲಿ. ಮಾಲೀಕ ಶಾಂತಯ್ಯನವರ ಬಲಗೈಗೆ ನಡುಬೆರಳಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಇದೇ ದಿನ, ಪೂಜೆಯಾದ ಮೇಲೆ, ಒಂದೇ ಒಂದು ನಟ್ಟು ಎಂದುಕೊಂಡು ಅವರು ಲೇಥಿನ ಸ್ವಿಚ್ ಒತ್ತಿದ್ದರು. ಅದನ್ನು ಅವರು ಯಾರಿಗೂ ಹೇಳುವುದಿಲ್ಲ. ಹೇಳಬೇಕಾಗಿಯೂ ಬಂದಿಲ್ಲ.

ಲ್ಯಾಪ್‌ಟಾಪ್ ಮಾತ್ರ ಪೂಜೆ ತಪ್ಪಿಸಿಕೊಂಡಿತ್ತು. ನಾಲ್ಕು ನಕ್ಷೆಗಳನ್ನು ಇನ್ನೊಮ್ಮೆ ನೋಡಬೇಕೆಂದು ಭಾಗ್ಯಶ್ರೀ ನಿನ್ನೆ ಅದನ್ನು ಗೋಪನಕೊಪ್ಪದ ಮನೆಗೆ ಒಯ್ದಿದ್ದಳು. ಇವತ್ತು ಹೋಳಿಗೆ ಉಂಡು ಮೊದಲನೆಯದನ್ನು ತೆರೆದಾಗ ಕಂಡಿತು: ಪಂಪಿನ ಹೊರಕವಚದ ಗೋಡೆ ಎಂಟು ಮಿಲಿಮೀಟರ್ ಇರಬೇಕಾದಲ್ಲಿ ಆರು. ಬರೆದವಳು ಅವಳೇ. ಆ ನಕ್ಷೆ ವಾರದ ಹಿಂದೆಯೇ ಪುಣೆಯ ಎರಕದವರಿಗೆ ಹೋಗಿತ್ತು. ಅಲ್ಲಿಯವರ ಪೂಜೆ ನಾಳೆ. ಇವತ್ತು ನಾಲ್ಕು ಗಂಟೆಗೆ ನಲವತ್ತು ಅಚ್ಚುಗಳಿಗೆ ಕಬ್ಬಿಣ ಹೊಯ್ಯುತ್ತಾರೆ. ಫೋನು ಮಾಡಿದರೆ ಅಲ್ಲಿನ ಸೂಪರ್‌ವೈಸರ್, ಬಾಯಿಮಾತಿಗೆ ಕೆಲಸ ನಿಲ್ಲಿಸುವುದಿಲ್ಲ, ತಿದ್ದಿದ ನಕ್ಷೆ ಬರಲಿ ಎಂದಿದ್ದ. ಹಬ್ಬಕ್ಕೆಂದು ಇಂಟರ್‌ನೆಟ್ ಅಂಗಡಿಗಳೆಲ್ಲ ಶಟರ್ ಎಳೆದಿದ್ದವು. ಅದಕ್ಕೇ ಲ್ಯಾಪ್‌ಟಾಪ್ ಎತ್ತಿಕೊಂಡು ಕಾರ್ಖಾನೆಗೆ ಓಡಿಬಂದಿದ್ದಳು. ಶ್ರಾವಣದಲ್ಲಿ ಒಂದು ತಪ್ಪಾದಾಗಲೇ ಶಾಂತಯ್ಯ ಹೇಳಿಯಾಗಿತ್ತು: ಇನ್ನೊಂದಾದರೆ ನಕ್ಷೆಯ ಮೇಜು ಬಿಟ್ಟು ಪ್ಯಾಕಿಂಗಿಗೆ ಹೋಗಿ ಕೂಡಬೇಕು.

"ನಲವತ್ತೂ ಸೋರತಾವ್ರಿ," ಎಂದಳು. "ಬರೇ ಐದು ನಿಮಿಷ ದೊಡ್ಡದನ್ನ ಚಾಲೂ ಮಾಡ್ರಿ."

ಶಾಂತಯ್ಯ ಬಲಗೈಯನ್ನು ಜೇಬಿಗೆ ಇಳಿಸಿದರು. "ಇಲ್ಲ."

"ಫೋನಿಗೂ ಪೂಜಿ ಆಗೇತಲ್ರಿ. ಮುಂಜಾನಿಂದ ಅದರಾಗ ನೀವು ಮಾತಾಡಾಕತ್ತೀರಿ."

"ಮಾತಾಡೂದು ಕೆಲಸ ಅಲ್ಲ." ಆಮೇಲೆ ಲ್ಯಾಪ್‌ಟಾಪಿನ ಬೋಳು ಮುಚ್ಚಳ ನೋಡಿದರು. "ಅದಕ್ಕ ಪೂಜಿ ಆಗಿಲ್ಲ. ಅದರಾಗ ಏನರ ಮಾಡ್ಕೋ ತಂಗಿ, ನಾ ಬ್ಯಾಡ ಅನ್ನೂದಿಲ್ಲ."

ಆಕೆ ವಿಭೂತಿ ಹಚ್ಚಿದ ರಿಸೀವರ್ ಎತ್ತಿ ಸಿದ್ಧಾರೂಢನಿಗೆ ಫೋನು ಹಚ್ಚಿದಳು. ಕಾರ್ಖಾನೆಯ ಕಂಪ್ಯೂಟರುಗಳನ್ನು ಜೋಡಿಸಿಕೊಟ್ಟವನು ಅವನು. ನವನಗರದ ಮನೆಯಲ್ಲಿ ಆಗಷ್ಟೇ ಊಟಕ್ಕೆ ಕೂತಿದ್ದ.

"ನಂಬರ್ ಏನ್ ತೋರಸಾಕತ್ತೈತಿ ಅಕ್ಕಾರ?"

"ನೂರಾ ಅರವತ್ತೊಂಬತ್ತು, ಚುಕ್ಕಿ, ಎರಡನೂರಾ ಐವತ್ನಾಕು..."

"ಸಾಕ್ ಸಾಕ್. ಅದಕ್ಕ ಯಾರೂ ನಂಬರ್ ಕೊಟ್ಟಿಲ್ಲ. ಕಾದು ಕಾದು ತಾನ ಒಂದು ಹುಟ್ಟಿಸ್ಕೊಂಡು ಕುಂತೈತಿ. ನಂಬರ್ ಹಂಚೂದು ದೊಡ್ಡ ಕಂಪ್ಯೂಟರ್ ಕೆಲಸ. ಅದನ್ನ ಚಾಲೂ ಮಾಡ್ರಿ."

"ಅದಕ್ಕ ಪೂಜಿ ಆಗೇತಿ."

ಅತ್ತ ಅಗಿಯುವ ಸದ್ದು ನಿಂತಿತು. "ಸಾಹೇಬ್ರು ಅಲ್ಲೇ ಅದಾರೇನ್ರಿ?"

"ಇಲ್ಲೇ ನಿಂತಾರ."

"ಹಂಗಾರ ಆ ಮಾತು ಬಿಡ್ರಿ. ಬಾಗಲ ಮ್ಯಾಲಿನ ಡಬ್ಬಿ ದೀಪ ಹತ್ಯಾವೇನು?"

ಮೋಡೆಮ್ಮು ಬಾಗಿಲ ಮೇಲಿನ ಹಲಗೆಯಲ್ಲಿ ಧೂಳು ಹೊದ್ದು ಕೂತಿತ್ತು. ವಿಭೂತಿಯ ಕೈ ಅಷ್ಟೆತ್ತರ ಹೋಗಿರಲಿಲ್ಲ. ಆರಿಸುವುದೂ ಯಾರಿಗೂ ನೆನಪಾಗಿರಲಿಲ್ಲ. ಹಸಿರು ದೀಪಗಳು ಮಿಟುಕುತ್ತಿದ್ದವು, ಸರಿಯಾಗಿ ಶಾಂತಯ್ಯನವರ ತಲೆಯ ಮೇಲೆ. ಅವರೂ ಮೇಲೆ ನೋಡಿಯಾರೆಂದು ಭಾಗ್ಯಶ್ರೀ ತಟ್ಟನೆ ಕಣ್ಣು ಕೆಳಗಿಳಿಸಿದಳು.

"ಹೂಂ," ಎಂದಳಷ್ಟೇ.

"ಛಲೋ ಆತು. ಯಾರೂ ಕೊಡೂದು ಬ್ಯಾಡ, ನಂಬರ್ ನಾವ ಕೈಲೆ ಬರ್ಯೂಣು." ಯಾವ ಕಿಟಕಿ ತೆರೆಯಬೇಕು, ಎಲ್ಲಿ ಒತ್ತಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟು ಕೊನೆಗೆ ಅಂದ, "ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು, ಒಂದು. ಇದು ಡಬ್ಬಿ ನಂಬರ್..."

ಅವನ ಮಾತು ಮುಗಿಯುವ ಮೊದಲೇ ಆಕೆ ಅದನ್ನೇ ಬರೆದು ಒತ್ತಿದಳು. ಈ ನಂಬರು ಬೇರೆಯವರದು ಎಂದು ಪರದೆ ತಕರಾರು ತೆಗೆಯಿತು.

"ಅವನ ಮನಿಗೆ ಹೋಗಿ ಅವನ ಹೆಸರ ಹೇಳಿದ್ರ ಒಳಗ ಬಿಡ್ತಾನೇನ್ರಿ? ಕಡೀ ಒಂದು ತಗದು ಐವತ್ತು ಹಾಕ್ರಿ. ಐವತ್ತರಾಗ ಯಾರೂ ಇಲ್ಲ."

ತ್ರಿಕೋನ ಹೋಯಿತು. ಆಕೆ ಉಸಿರು ಬಿಟ್ಟಳು. ಆದರೆ ಮೇಲ್ ಪುಟ ತೆರೆಯಲಿಲ್ಲ. ಬಿಳಿ ಪರದೆ ಹಾಗೇ ನಿಂತಿತು. ಮೂರೂ ಮೂವತ್ತೈದು.

"ಕೆಳಗಿನ ಖಾನೆ ತುಂಬೀರೇನು? ಹೊರಗ ಹೋಗೂ ದಾರಿ ಕೇಳ್ತೈತಲ್ಲ, ಅದು."

"ಇಲ್ಲ."

"ಊರಾಗ ಮನಿ ಸಿಕ್ತು, ಹೊರಗ ಹೋಗಾಕ ಬಾಗಲಾನ ಇಲ್ಲ. ಬಾಗಲಾ ಅಂದ್ರ ಡಬ್ಬಿ. ಅದರ ನಂಬರ್ ಈಗ ಬರೀರಿ. ಕಡೀ ಖಾನೇದಾಗೂ ಅದ."

ಪುಟ ಮೇಲಿನಿಂದ ತುಣುಕು ತುಣುಕಾಗಿ ಇಳಿದು ಬಂತು. ಎಂಟು ಎಂದು ತಿದ್ದಿದ ನಕ್ಷೆ ಮೇಲ್‌ಗೆ ಹತ್ತಲು ಏಳು ನಿಮಿಷ ಹಿಡಿಯಿತು. ಮೂರೂ ನಲವತ್ತೆಂಟಕ್ಕೆ ಹೋಯಿತು.

ಆಮೇಲೆ ಕಾಯುವುದೊಂದೇ. ಶಾಂತಯ್ಯ ಗಡಿಯಾರದ ಕೆಳಗೆ ನಿಂತರು. ಅದಕ್ಕೂ ಎರಡು ಗೆರೆ ಹಚ್ಚಿತ್ತು, ಆದರೆ ಓಡುತ್ತಿತ್ತು.

ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಫೋನು ಬಡಿದುಕೊಂಡಿತು. ಭಟ್ಟಿಯ ಭೋರ್ಗರೆತದ ನಡುವೆ ಪುಣೆಯ ಸೂಪರ್‌ವೈಸರ್ ಹಿಂದಿಯಲ್ಲಿ ಕೂಗಿ ಹೇಳಿದ: ಕಾಗದ ಕೈಯಲ್ಲಿದೆ, ಎಂಟು. ಹೊಯ್ಯುವುದು ನಿಲ್ಲಿಸಿದೆ. ಅಚ್ಚು ಒಡೆದು ದಸರೆ ಮುಗಿದ ಮೇಲೆ ಹೊಸದಾಗಿ ಮಾಡುತ್ತೇವೆ.

ರಿಸೀವರ್ ಇಟ್ಟಾಗ ಭಾಗ್ಯಶ್ರೀಯ ಕಿವಿ, ಕೆನ್ನೆ ಎಲ್ಲ ವಿಭೂತಿಯಾಗಿತ್ತು. "ನಿಲ್ಲಿಸ್ಯಾರಂತ್ರಿ," ಎಂದಳು. ಕುರ್ಚಿ ಹಿಡಿದು ಕೂತು ಸುಮ್ಮಸುಮ್ಮನೆ ನಕ್ಕಳು.

ಶಾಂತಯ್ಯ ಕೈಯನ್ನು ಜೇಬಿನಿಂದ ಹೊರಗೆ ತೆಗೆದರು. "ಪ್ಯಾಕಿಂಗ್‌ನ್ಯಾಗ ಒಂದು ಕುರ್ಚಿ ಒರಸಿ ಇಡಸಿದ್ದೆ."

"ಅದು ಖಾಲಿ ಇರ್ಲಿ ಬಿಡ್ರಿ."

"ಇರ್ಲಿ," ಎಂದು ಅವರೂ ನಕ್ಕರು. ಒಡೆದ ತೆಂಗಿನಕಾಯಿಯ ಹೋಳೊಂದನ್ನು ಅವಳ ಮುಂದಿಟ್ಟು ಒಳಗೆ ಹೋದರು.

ಕೊಬ್ಬರಿ ಅಗಿಯುತ್ತ ಆಕೆ ಎರಡನೆಯ ನಕ್ಷೆ ತೆರೆದಳು. ಇನ್ನೂ ಮೂರು ನೋಡುವುದಿತ್ತು. ಮೊದಲ ಅಳತೆಯ ಮೇಲೆ ಬೆರಳಿಟ್ಟಿದ್ದಳಷ್ಟೇ, ಶಾಂತಯ್ಯ ಪೂಜೆಯ ತಟ್ಟೆ ಹಿಡಿದು ಬಂದರು. ಒಂದು ಚೆಂಡುಹೂ ಉಳಿದಿತ್ತು. ಬೆರಳುಗಳನ್ನು ಆಗಲೇ ವಿಭೂತಿಯಲ್ಲಿ ಅದ್ದಿಯಾಗಿತ್ತು.

"ಪಾಪ, ಎಲ್ಲಾರಕಿಂತ ಹೆಚ್ಚು ಇದ ದುಡದೈತಿ. ಇದೊಂದ ಯಾಕ ಬೋಳು ಕೂಡಬೇಕು? ತಾ ಇಲ್ಲೆ, ಎರಡು ಬಟ್ಟು ಹಚ್ಚೂಣು."

ಭಾಗ್ಯಶ್ರೀ ಎರಡೂ ಅಂಗೈಗಳನ್ನು ಮುಚ್ಚಳದ ಬೆನ್ನಿಗೆ ಅಡ್ಡ ಒಡ್ಡಿದಳು.

"ನಾ ಒಲ್ಲೆರಿ," ಎಂದಳು.