ಸೋತವರ ಹರಕೆ

ಚೆಂಡು ಬಲೆಯ ಮೇಲಂಚಿಗೆ ತಾಗಿ ಈಚೆ ಕಡೆಗೇ ಬಿತ್ತು. ಐದನೇ ಸೆಟ್, ಹದಿಮೂರು–ಹದಿನೈದು. ಬ್ರಹ್ಮಾವರದ ಮೈದಾನದಲ್ಲಿ ಸೇರಿದ್ದ ಜನರಲ್ಲಿ ಅರ್ಧದಷ್ಟು ಮಂದಿ ಎದ್ದು ಕುಣಿದರು, ಉಳಿದವರು ಕುಳಿತಲ್ಲಿಯೇ ಕುಳಿತರು. ಹಾಗೆ ಕುಳಿತವರಲ್ಲಿ ದೇವಪ್ಪನೂ ಒಬ್ಬ. ಸರ್ವ್ ಹಾಳು ಮಾಡಿದ ಪ್ರವೀಣ್ ಗೆರೆಯ ಹಿಂದೆ ನಿಂತವನು ಕದಲಲಿಲ್ಲ. ತಂಡದ ಉಳಿದ ಐವರು ಎದುರಾಳಿಗಳ ಕೈ ಕುಲುಕಿ ಬಂದರು, ಟ್ರೋಫಿ ಕೊಡುವವರು ವೇದಿಕೆ ಹತ್ತಿದರು, ಆಗಲೂ ಅವನು ಅಲ್ಲಿಯೇ ಇದ್ದ.

ದೇವಪ್ಪನ ತೊಡೆಯ ಮೇಲಿದ್ದ ಚೀಲದಲ್ಲಿ ಹಂಚಿ ಉಳಿದ ಒಂದು ಕಟ್ಟು ಆಮಂತ್ರಣ ಪತ್ರಿಕೆ ಇತ್ತು. 'ಶಾಲೆಬೆಟ್ಟು ಫ್ರೆಂಡ್ಸ್ ವಾಲಿಬಾಲ್ ತಂಡವು ಟ್ರೋಫಿ ಗೆದ್ದ ಪ್ರಯುಕ್ತ, ಬರುವ ಶುಕ್ರವಾರ ಹರಕೆಯ ಯಕ್ಷಗಾನ ಬಯಲಾಟ' ಎಂದು ಅದರಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು. ಬಾರ್ಕೂರಿನಿಂದ ಆಚೆ ಹೊಳೆ ದಾಟುವವರೆಗೆ ಈ ಪತ್ರಿಕೆ ತಲುಪದ ಮನೆ ಇರಲಿಲ್ಲ.

ತಂಡ ಕಟ್ಟಿದವನು ದೇವಪ್ಪನೇ. ಇಪ್ಪತ್ತೆರಡು ವರ್ಷಗಳ ಹಿಂದೆ, ಕೊಯ್ಲು ಮುಗಿದ ತನ್ನದೇ ಗದ್ದೆಯಲ್ಲಿ ಎರಡು ಅಡಿಕೆ ಮರದ ಕಂಬ ನೆಟ್ಟು ಬಲೆ ಕಟ್ಟಿದ್ದ. ಅಂದಿನಿಂದ ತಂಡ ಸೋಲುತ್ತಲೇ ಬಂತು. ಪಂದ್ಯಾಟದಲ್ಲಿ ಶಾಲೆಬೆಟ್ಟು ಎದುರಾದರೆ ಬೈ ಸಿಕ್ಕಿದ ಲೆಕ್ಕ, ಆಡದೆಯೇ ಮುಂದಿನ ಸುತ್ತು ಎಂದು ಬೇರೆ ಊರಿನವರು ನಗುತ್ತಿದ್ದರು. ದೇವಪ್ಪನಿಗೆ ಆ ನಗು ಅಭ್ಯಾಸವಾಗಿತ್ತು, ಆದರೆ ಇಷ್ಟವಾಗಿರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಮೊದಲ ಸುತ್ತಿನಲ್ಲಿಯೇ ಸೋತ ಒಂದು ದಿನ ಅವನು ನೆಟ್ಟಗೆ ಅಮ್ಮನ ದೇವಸ್ಥಾನಕ್ಕೆ ಹೋಗಿ, ನಮ್ಮ ಮಕ್ಕಳು ಟ್ರೋಫಿ ಗೆದ್ದರೆ ನಿನ್ನ ಯಕ್ಷಗಾನ ಮೇಳದ ಆಟ ಆಡಿಸುತ್ತೇನೆ ಎಂದು ಹರಕೆ ಹೊತ್ತ.

ಆ ಮೇಳದ ಆಟಕ್ಕೆ ಇವತ್ತು ಹೆಸರು ಬರೆಸಿದರೆ ನಾಳೆ ಆಟ ಸಿಗುವುದಿಲ್ಲ. ಮಗು ಹುಟ್ಟಿದಾಗ ಬರೆಸಿದ ಆಟವನ್ನು ಅದರ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆಡಿಸುವುದು ಈ ಕಡೆಯವರಿಗೆ ಹೊಸತಲ್ಲ. ಗೆದ್ದ ಮೇಲೆ ಬರೆಸಿದರೆ ನೋಡುವುದಕ್ಕೆ ತಾನಿರುತ್ತೇನೋ ಇಲ್ಲವೋ ಎಂದು ದೇವಪ್ಪ ಅವತ್ತೇ ಬರೆಸಿಬಿಟ್ಟ. ಸರದಿ ಬರುವುದರೊಳಗೆ ಮಕ್ಕಳು ಒಂದು ಸಲವಾದರೂ ಗೆಲ್ಲದೇ ಇರುತ್ತಾರೆಯೇ ಎಂಬುದು ಅವನ ಧೈರ್ಯ.

ಧೈರ್ಯ ಸುಳ್ಳೂ ಆಗಲಿಲ್ಲ. ಮೂರು ವರ್ಷಗಳ ಹಿಂದೆ ಪ್ರವೀಣ್ ತಂಡಕ್ಕೆ ಬಂದ. ಗ್ಯಾಸ್ ಏಜೆನ್ಸಿಯಲ್ಲಿ ಸಿಲಿಂಡರ್ ಹೊತ್ತು ಬೆಳೆದ ಹೆಗಲು, ಮಾತು ಕಡಿಮೆ. ಅವನು ಬಂದ ಮೇಲೆ ಬೆಳಿಗ್ಗೆ ಆರಕ್ಕೆ ಅಭ್ಯಾಸ ಶುರುವಾಯಿತು. ಮೊದಲ ವರ್ಷ ಎರಡನೇ ಸುತ್ತು, ಮರುವರ್ಷ ಸೆಮಿಫೈನಲ್, ಈ ವರ್ಷ ಫೈನಲ್. ಊರಿನ ಹೆಂಗಸರು ಕೂಡ ಸ್ಕೋರ್ ಕೇಳತೊಡಗಿದರು. ಅಷ್ಟರಲ್ಲಿ ಮೇಳದಿಂದ ಕಾಗದ ಬಂತು. ಆಟದ ದಿನ, ಫೈನಲ್ ಮುಗಿದ ಮೇಲಿನ ಶುಕ್ರವಾರ. ಅಮ್ಮನೇ ದಿನ ಕೂಡಿಸಿದ್ದಾಳೆ ಎಂದು ದೇವಪ್ಪ ಕಣ್ಣೀರು ಹಾಕಿದ. ಊರಿಡೀ ಅದನ್ನೇ ನಂಬಿತು. ಗೆದ್ದ ಮೇಲೆ ಅಚ್ಚು ಹಾಕಿಸಿದರೆ ಆಗದೇ ಎಂದು ಹೆಂಡತಿ ಸರಸ ಒಂದು ಮಾತು ಕೇಳಿದ್ದಳು. ಐದು ದಿನದಲ್ಲಿ ಅಚ್ಚು ಹಾಕಿಸಿ ಹಂಚುವುದು ಯಾವಾಗ ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ.

ಸೋತ ಮರುದಿನ, ಸೋಮವಾರ ದೇವಪ್ಪ ದೇವಸ್ಥಾನದ ಮೇಳದ ಕಚೇರಿಗೆ ಹೋದ. ಅಲ್ಲಿ ಆಟದ ದಿನ ಬರೆದುಕೊಳ್ಳುವ ಚೆನ್ನಯ್ಯ ಹಳೆಯ ಪರಿಚಯದವನು. ಶುಕ್ರವಾರದ ಆಟ ಬಿಟ್ಟುಕೊಡುತ್ತೇನೆ, ಗೆದ್ದ ವರ್ಷ ಕೊಡಿ ಎಂದು ದೇವಪ್ಪ ನೆಲ ನೋಡುತ್ತ ಹೇಳಿದ. ಚೆನ್ನಯ್ಯ ಅವನ ಮುಖವನ್ನೇ ನೋಡಿದ.

"ಬಿಡ್ಲಕ್ಕ್ ದೇವಪ್ಪಣ್ಣ. ಆ ದಿನಕ್ಕೆ ಕಾಯ್ತಿಪ್ಪರ್ ಸುಮಾರ್ ಜನ ಇದ್ರ್. ಆದ್ರೆ ನಿಮ್ಮ್ ಹೆಸ್ರ್ ಮತ್ತೆ ಕಡಿಗ್ ಹೋತ್ತ್. ಇನ್ನ್ ಹದ್ನೈದ್ ವರ್ಷ. ಗುರುವಾರ ಬೆಳಿಗ್ಗಿ ಒಳ್ಗ್ ಹೇಳಿ."

ದೇವಪ್ಪನಿಗೆ ಅರವತ್ತಾರು. ಬಸ್ಸಿನಲ್ಲಿ ಹಿಂತಿರುಗಿ ಬರುವಾಗ ಅವನಿಗೆ ಲೆಕ್ಕ ಬೇಕಾಗಲಿಲ್ಲ. ಹರಕೆ ತೀರಿಸದೆ ಹೋಗುವುದೆಂದರೆ ಅಮ್ಮನಿಗೆ ಕೊಟ್ಟ ಮಾತನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಗುವುದು. ತೀರಿಸೋಣವೆಂದರೆ ಗೆಲುವಿಗೆ ಹೊತ್ತ ಹರಕೆಯನ್ನು ಸೋಲಿಗೆ ತೀರಿಸುವುದು ಹೇಗೆ? ಆಟದ ದಿನ ಚೌಕಿಯಲ್ಲಿ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಆ ಡೇರೆಯೊಳಗೆ, ಗಣಪತಿಯ ಮುಂದೆ ಹರಕೆಯವರು ಕೈಮುಗಿದು ನಿಲ್ಲಬೇಕು. ಎಂತಕ್ಕೆ ಹರಕೆ ಎಂದು ಭಟ್ಟರು ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳುವಷ್ಟು ಎದೆ ಅವನಿಗೆ ಇರಲಿಲ್ಲ.

ಮಂಗಳವಾರ ಸಂಜೆ ಅವನು ಪ್ರವೀಣನ ಮನೆಗೆ ಹೋದ. ಮಗ ಎರಡು ದಿನದಿಂದ ಕೆಲಸಕ್ಕೂ ಹೋಗಿಲ್ಲ, ಸರಿಯಾಗಿ ಉಂಡೂ ಇಲ್ಲ ಎಂದು ತಾಯಿ ಗುಲಾಬಿ ತಗ್ಗಿದ ದನಿಯಲ್ಲಿ ಹೇಳಿದಳು. ಜಗಲಿಯ ದೇವರ ಪಟದ ಚೌಕಟ್ಟಿಗೆ ಆಮಂತ್ರಣ ಪತ್ರಿಕೆ ಸಿಕ್ಕಿಸಿತ್ತು. ಪ್ರವೀಣ್ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. ಸೋತವರಿಗೆ ಹೇಳುವ ಸಮಾಧಾನದ ಮಾತುಗಳು ದೇವಪ್ಪನಿಗೆ ಇಪ್ಪತ್ತೆರಡು ವರ್ಷದಿಂದ ಬಾಯಿಪಾಠ. ಅವುಗಳಲ್ಲಿ ಒಂದನ್ನು ಶುರು ಮಾಡಿದ್ದನಷ್ಟೇ.

"ಆಯ್ತಾರ ಬೆಳಿಗ್ಗಿ ಹೊರ್ಡುವಾಗ ಅದನ್ನ್ ಓದ್ದೆ," ಎಂದ ಪ್ರವೀಣ್, ಪಟದ ಕಡೆ ಗದ್ದ ಎತ್ತಿ. "ಗೆದ್ದ ಪ್ರಯುಕ್ತ ಅಂದೇಳಿ ಇತ್ತ್. ಆಡು ಮೊದ್ಲೇ ಗೆದ್ದಾಯ್ತಲೆ ಅಂದ್ಕಂಡೆ. ಕಡಿ ಸರ್ವಿಗೆ ನಿಂತಾಗ ನಂಗೆ ಬಾಲ್ ಕಾಂತಿರ್ಲಿಲ್ಲ ದೇವಪ್ಪಣ್ಣ, ಆ ಕೆಂಪ್ ಅಕ್ಷರ ಕಾಂತಿತ್ತ್. ಅಮ್ಮನ ಹರ್ಕಿ ತಪ್ಸ್‌ದವ ನಾನ್. ಇನ್ನ್ ನಾನ್ ಆಡುದಿಲ್ಲ."

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ದೇವಪ್ಪ ಕೇಳಿದ್ದೇ ಇಲ್ಲ. ತಪ್ಪು ನನ್ನದು ಮಾರಾಯ ಎನ್ನಲು ಬಾಯಿ ತೆರೆದ. ಪ್ರವೀಣ್ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ದೇವಪ್ಪ ಗುಲಾಬಿ ಕೊಟ್ಟ ಚಹಾ ಕುಡಿಯದೆ ಎದ್ದು ಬಂದ.

ಗುರುವಾರ ಬೆಳಿಗ್ಗೆ ಅವನು ಚೆನ್ನಯ್ಯನಿಗೆ ಫೋನ್ ಮಾಡಿ, ಆಟ ಆಗುತ್ತದೆ ಎಂದು ಮಾತ್ರ ಹೇಳಿ ಇಟ್ಟ. ಸುದ್ದಿ ಪೇಟೆಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಸೋತದ್ದಕ್ಕೂ ಆಟ ಆಡಿಸುವವನನ್ನು ಕಂಡದ್ದು ಇದೇ ಮೊದಲು ಎಂದು ಹೋಟೆಲಿನಲ್ಲಿ ಯಾರೋ ಹೇಳಿದರು, ಉಳಿದವರು ನಕ್ಕರು. ಕುಟುಂಬದ ಕ್ಷೇಮಕ್ಕೆ ಎಂದು ಹೇಳಿಬಿಡಿ, ಎಲ್ಲರೂ ಹೇಳುವುದು ಅದನ್ನೇ ಅಲ್ಲವೇ ಎಂದಳು ಸರಸ. ದೇವಪ್ಪ ತಲೆಯಾಡಿಸಿದ. ಅದು ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.

ಶುಕ್ರವಾರ ಶಾಲೆಯ ಬಯಲಿನಲ್ಲಿ ರಂಗಸ್ಥಳ ಎದ್ದಿತು. ಕತ್ತಲಾಗುವ ಮೊದಲೇ ಜನ ಸೇರತೊಡಗಿದರು. ಕೆಲವರು ಆಟ ನೋಡಲು, ಕೆಲವರು ದೇವಪ್ಪ ಏನು ಹೇಳುತ್ತಾನೆಂದು ಕೇಳಲು. ತಂಡದ ಐವರು ಮುಖ ತಗ್ಗಿಸಿಕೊಂಡು ಚೌಕಿಗೆ ಬಂದು ಅವನ ಹಿಂದೆ ಸಾಲಾಗಿ ನಿಂತರು. ಗುಲಾಬಿ ಹೇಗೋ ಮಗನನ್ನು ಕರೆತಂದಿದ್ದಳು. ಆದರೆ ಅವನು ಡೇರೆಯ ಹೊರಗೆ, ಟಾರ್ಪಾಲಿನ ಬದಿಯಲ್ಲಿಯೇ ಉಳಿದ. ದೇವಪ್ಪನಿಗೆ ಅವನ ಕಾಲು ಮಾತ್ರ ಕಾಣುತ್ತಿತ್ತು.

ಭಟ್ಟರು ಹೂವು ಏರಿಸಿ, ಆರತಿಗೆ ಮೊದಲು ತಿರುಗಿ, ಹರಕೆ ಎಂತಕ್ಕೆ ಎಂದು ಕೇಳಿದರು. ಅರ್ಧ ಬಣ್ಣ ಹಚ್ಚಿಕೊಂಡಿದ್ದ ಕಲಾವಿದರು ಕನ್ನಡಿ ಬಿಟ್ಟು ಇತ್ತ ನೋಡಿದರು. ದೇವಪ್ಪ ಕೈಮುಗಿದ.

"ಗೆದ್ರೆ ಕೊಡ್ತೆ ಅಂದಿದ್ದೆ. ಗೆಲ್ಲಲಿಲ್ಲ," ಎಂದ. ಆಮೇಲೆ ಹೊರಗೂ ಕೇಳಲಿ ಎನ್ನುವ ಹಾಗೆ ದನಿ ಏರಿಸಿದ. "ಗೆಲ್ಲು ಮೊದ್ಲೇ ಗೆದ್ರ್ ಅಂದೇಳಿ ಅಚ್ಚ್ ಹಾಕ್ಸಿ ಹಂಚದ್ದ್ ನಾನ್. ಆ ಭಾರ ಹೊತ್ತದ್ದ್ ಈ ಮಕ್ಕಳ್. ತಪ್ಪ್ ನಂದ್ ಅಮ್ಮ, ಅವ್ರದ್ದಲ್ಲ. ಇಪ್ಪತ್ತೆರ್ಡ್ ವರ್ಷ ಸೋತ್ರೂ ನಮ್ ಊರಂಗೆ ಬಲೆ ಕಟ್ಟದ್ದ್ ಒಂದ್ ವರ್ಷ ತಪ್ಪಲಿಲ್ಲ. ಈ ಆಟ ಅದಕ್ಕೆ."

ಇದನ್ನು ಮಂತ್ರದಲ್ಲಿ ಹೇಗೆ ಸೇರಿಸುವುದೆಂದು ಭಟ್ಟರಿಗೂ ತಿಳಿಯಲಿಲ್ಲವೇನೋ. ಕೊನೆಗೆ ಅಕ್ಷತೆ ಕೈಗೆತ್ತಿಕೊಂಡು, ಹಾಗಾದರೆ ಆಡಿದವರು ತಮ್ಮ ತಮ್ಮ ಹೆಸರು ಹೇಳಲಿ ಎಂದರು. ಒಬ್ಬೊಬ್ಬರಾಗಿ ಐದು ಜನ ಹೇಳಿದರು. ಐದನೆಯವನ ಹೆಸರಾದ ಮೇಲೆ ಸರಸ ಗಂಡನ ಬೆನ್ನನ್ನು ಮೆಲ್ಲಗೆ ತಟ್ಟಿದಳು. ಆರನೆಯ ಹೆಸರು ದೇವಪ್ಪನ ನಾಲಿಗೆಯ ತುದಿಯಲ್ಲಿಯೇ ಇತ್ತು, ಅವನು ಹೇಳಲಿಲ್ಲ. ಭಟ್ಟರು ಅಕ್ಷತೆ ಹಿಡಿದ ಕೈಯನ್ನು ಹಾಗೆಯೇ ಎತ್ತಿ ನಿಂತಿದ್ದರು.

"ಪ್ರವೀಣ್," ಎಂಬ ದನಿ ಟಾರ್ಪಾಲಿನ ಆಚೆಯಿಂದ ಬಂತು.

ಸಾಲಿನಲ್ಲಿದ್ದ ಐವರೂ ಹಿಂದೆ ತಿರುಗಿ ನೋಡಲಿಲ್ಲ. ಎರಡು ಜನ ಆಚೆ, ಮೂರು ಜನ ಈಚೆ ಒಂದೊಂದು ಹೆಜ್ಜೆ ಸರಿದರು. ಪ್ರವೀಣ್ ಚಪ್ಪಲಿ ಹೊರಗೆ ಕಳಚಿಟ್ಟು ಬಂದು ಆ ಸಂದಿನಲ್ಲಿ ನಿಂತ.